ಸಿ ಪಿನ್ ಇದ್ದ ಮಾತ್ರಕ್ಕೆ ವೇಗ ಬರುವುದಿಲ್ಲ

ಎಕ್ಸ್‌ಟರ್ನಲ್ ಎಸ್‌ಎಸ್‌ಡಿಯ (ತಿರುಗುವ ತಟ್ಟೆಯಿಲ್ಲದೆ ಚಿಪ್‌ನಲ್ಲಿ ಡೇಟಾ ಇಡುವ ಡಿಸ್ಕಿನ) ಡಬ್ಬಿಯ ಮೇಲೆ ಸೆಕೆಂಡಿಗೆ 1050 ಎಂಬಿ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅದನ್ನು ತಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿ 100 ಜಿಬಿ ವಿಡಿಯೊ ಕಾಪಿಗೆ ಹಾಕಿದರೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಲೆಕ್ಕ ಹಾಕಿದರೆ ಸೆಕೆಂಡಿಗೆ 38 ಎಂಬಿ ಆಸುಪಾಸು. ಡಿಸ್ಕನ್ನು ಬೈಯುವ ಮೊದಲು ಈ ಸಂಖ್ಯೆಯನ್ನೇ ಗಮನಿಸಿ. ಎಸ್‌ಎಸ್‌ಡಿಯೊಂದು 30ರಿಂದ 42 ಎಂಬಿ ನಡುವೆ ಅಲ್ಲಾಡದೆ ನಿಂತಿದೆ ಎಂದರೆ ಡೇಟಾ ಯುಎಸ್‌ಬಿ 2.0 ತಂತಿಗಳ ಮೇಲೆ ಹೋಗುತ್ತಿದೆ ಎಂದು ಬಹುಪಾಲು ಖಚಿತವಾಗಿ ಹೇಳಬಹುದು. ಹತ್ತರಲ್ಲಿ ಎಂಟು ಸಲ ಕಾರಣ ಇಷ್ಟೇ: ಎಸ್‌ಎಸ್‌ಡಿ ಜೊತೆ ಬಂದ ಗಿಡ್ಡ ಕೇಬಲ್ ಎಲ್ಲೋ ಕಳೆದುಹೋಗಿ, ಅದರ ಜಾಗದಲ್ಲಿ ಫೋನಿನ ಚಾರ್ಜರ್ ಕೇಬಲ್ ಸೇರಿಕೊಂಡಿರುತ್ತದೆ. ಎರಡರ ತುದಿಯಲ್ಲೂ ಅದೇ ಸಿ ಪಿನ್. ಕಣ್ಣಿಗೆ ವ್ಯತ್ಯಾಸವೇ ಕಾಣದು.

ಡಿಸ್ಕಿನಿಂದ ಕಂಪ್ಯೂಟರಿಗೆ ಡೇಟಾ ಬರುವ ದಾರಿಯಲ್ಲಿ ನಾಲ್ಕು ಘಟ್ಟಗಳಿವೆ. ಒಳಗಿನ ಡಿಸ್ಕ್, ಅದರ ಭಾಷೆಯನ್ನು ಯುಎಸ್‌ಬಿಗೆ ಬದಲಿಸುವ ಬ್ರಿಜ್ ಚಿಪ್, ಕೇಬಲ್, ಕಂಪ್ಯೂಟರಿನ ಪೋರ್ಟ್. ಕೆರೆ ಎಷ್ಟೇ ದೊಡ್ಡದಿರಲಿ, ಗದ್ದೆಗೆ ಬರುವ ನೀರು ತೂಬಿನ ಕಿಂಡಿಯಷ್ಟೇ. ಇಲ್ಲೂ ನಾಲ್ಕರಲ್ಲಿ ಯಾವುದು ಕಿರಿದೋ ಅದೇ ಕೊನೆಯ ವೇಗ. ಹಾಗಾಗಿ ದುಬಾರಿ ಕೇಬಲ್ ಕೊಂಡ ಮಾತ್ರಕ್ಕೆ ಹಳೆಯ ಹಾರ್ಡ್ ಡಿಸ್ಕ್ ಓಡುವುದಿಲ್ಲ. ದುಬಾರಿ ಎಸ್‌ಎಸ್‌ಡಿ ಕೊಂಡ ಮಾತ್ರಕ್ಕೆ ಹಳೆಯ ಪೋರ್ಟ್ ಹಿಗ್ಗುವುದಿಲ್ಲ.

ಬಿಟ್, ಬೈಟ್ ಮತ್ತು ಹೆಸರುಗಳ ಗೊಂದಲ

ಕೇಬಲ್ ಮತ್ತು ಪೋರ್ಟ್‌ಗಳ ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ, ಡಿಸ್ಕಿನ ವೇಗವನ್ನು ಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. 5 ಗಿಗಾಬಿಟ್ ಎಂದರೆ ಸೆಕೆಂಡಿಗೆ 625 ಎಂಬಿ ಆಗಬೇಕು, ಆದರೆ ಅಷ್ಟು ಸಿಗುವುದಿಲ್ಲ. ಈ ಪೀಳಿಗೆಯ ಯುಎಸ್‌ಬಿ ಪ್ರತಿ 8 ಬಿಟ್ ಡೇಟಾವನ್ನು 10 ಬಿಟ್ ಮಾಡಿ ಕಳಿಸುತ್ತದೆ. ಅಲ್ಲಿಗೇ ಐದರಲ್ಲಿ ಒಂದು ಪಾಲು ಹೋಗಿ 500 ಎಂಬಿ ಉಳಿಯಿತು. ಪ್ಯಾಕೆಟ್‌ಗಳ ಮೇಲುಖರ್ಚು ಕಳೆದರೆ ಕೈಗೆ ಬರುವುದು 400ರಿಂದ 460 ಎಂಬಿ. 10 ಗಿಗಾಬಿಟ್ ಪೀಳಿಗೆಯಲ್ಲಿ 128 ಬಿಟ್‌ಗೆ 4 ಬಿಟ್ ಮಾತ್ರ ಹೆಚ್ಚುವರಿಯಾಗಿ ಸೇರುತ್ತದೆ, ಆದ್ದರಿಂದ ಅಲ್ಲಿ 1000 ಎಂಬಿ ದಾಟಿಯೂ ಸಿಗುತ್ತದೆ. ಡಬ್ಬಿಯ ಮೇಲೆ ಕಾಣುವ 1050 ಹುಟ್ಟಿದ್ದು ಇಲ್ಲಿಂದ.

ಹೆಸರುಗಳ ವಿಷಯದಲ್ಲಿ ಯುಎಸ್‌ಬಿ ಒಕ್ಕೂಟ ಜನರನ್ನು ಸಾಕಷ್ಟು ಗೋಳಾಡಿಸಿದೆ. 2008ರಲ್ಲಿ ಬಂದ 5 ಗಿಗಾಬಿಟ್ ವೇಗಕ್ಕೆ ಯುಎಸ್‌ಬಿ 3.0 ಎಂದು ಹೆಸರಿಟ್ಟರು. 2013ರಲ್ಲಿ ಅದನ್ನೇ 3.1 ಜೆನ್ 1 ಎಂದರು, 2017ರಲ್ಲಿ 3.2 ಜೆನ್ 1 ಎಂದರು. ವಸ್ತು ಅದೇ, ವೇಗ ಅದೇ. ಹೀಗಾಗಿ ಜಾಹೀರಾತಿನಲ್ಲಿ ‘ಯುಎಸ್‌ಬಿ 3.2’ ಎಂದಷ್ಟೇ ಇದ್ದರೆ ಅದು 5 ಇರಬಹುದು, 10 ಇರಬಹುದು, 20 ಕೂಡ ಇರಬಹುದು. ಮಾರುವವರು ಹೀಗೆ ಅರ್ಧ ಹೇಳಿ ಬಿಟ್ಟಾಗ ಕಡಿಮೆಯದೇ ಇರುತ್ತದೆ ಎಂದು ತಿಳಿಯುವುದು ಕ್ಷೇಮ. ಕೊನೆಗೆ 2022ರಲ್ಲಿ ಒಕ್ಕೂಟವೇ ಸೋತು, ಪ್ಯಾಕೆಟ್ ಮೇಲೆ 5, 10, 20, 40 ಗಿಗಾಬಿಟ್ ಎಂದು ನೇರವಾಗಿ ಬರೆಯುವ ಗುರುತುಗಳನ್ನು ತಂದಿತು. ಆವೃತ್ತಿಯ ಸಂಖ್ಯೆಯನ್ನು ಮರೆತು ಈ ಅಂಕಿಯನ್ನಷ್ಟೇ ಹುಡುಕಿ.

ಅಂದಾಜಿಗೆ ಇದೇ 100 ಜಿಬಿಯ ಲೆಕ್ಕ ಇಟ್ಟುಕೊಳ್ಳೋಣ. ಯುಎಸ್‌ಬಿ 2.0ದಲ್ಲಿ ಸುಮಾರು 44 ನಿಮಿಷ. 5 ಗಿಗಾಬಿಟ್‌ನಲ್ಲಿ ನಾಲ್ಕು ನಿಮಿಷ. 10 ಗಿಗಾಬಿಟ್‌ನಲ್ಲಿ ಒಂದೂಮುಕ್ಕಾಲು ನಿಮಿಷ. ಇನ್ನು ತಿರುಗುವ ತಟ್ಟೆಯ 2.5 ಇಂಚಿನ ಹಾರ್ಡ್ ಡಿಸ್ಕ್ ತಾನೇ ಸೆಕೆಂಡಿಗೆ 100ರಿಂದ 140 ಎಂಬಿಗಿಂತ ಹೆಚ್ಚು ಕೊಡಲಾರದು. ಅದಕ್ಕೆ ಎಂಥ ವೇಗದ ಕೇಬಲ್ ಹಾಕಿದರೂ ಹನ್ನೆರಡರಿಂದ ಹದಿನೇಳು ನಿಮಿಷ ಬೇಕೇ ಬೇಕು. ಹಾರ್ಡ್ ಡಿಸ್ಕ್ ಇದ್ದವರಿಗೆ 5 ಗಿಗಾಬಿಟ್ ಕೇಬಲ್ ಧಾರಾಳವಾಗಿ ಸಾಕು. ಅದಕ್ಕೆ 40 ಗಿಗಾಬಿಟ್‌ನ ಥಂಡರ್‌ಬೋಲ್ಟ್ ಕೇಬಲ್ ಕೊಳ್ಳುವುದು ದುಡ್ಡು ದಂಡ. ಸಾಟಾ ಎಂಬ ಹಳೆಯ ಬಗೆಯ ಜೋಡಣೆಯ ಎಸ್‌ಎಸ್‌ಡಿಯ ಗರಿಷ್ಠ 550 ಎಂಬಿ ಇರುವುದರಿಂದ ಅದಕ್ಕೆ 5ರ ಬದಲು 10 ಗಿಗಾಬಿಟ್ ಕೊಟ್ಟರೆ ಸ್ವಲ್ಪ ಲಾಭ ಉಂಟು, ಅದಕ್ಕಿಂತ ಮೇಲೆ ಏನೂ ಇಲ್ಲ. ನಿಜವಾಗಿ ವೇಗದ ಕೇಬಲ್ ಬೇಡುವುದು ಎನ್‌ವಿಎಂಇ ಎಂಬ ಹೊಸ, ವೇಗದ ಬಗೆಯ ಎಸ್‌ಎಸ್‌ಡಿಗಳು.

ಕೇಬಲಿನ ಒಳಗೆ

ಯುಎಸ್‌ಬಿ 2.0 ಕೇಬಲಿನಲ್ಲಿ ನಾಲ್ಕು ತಂತಿ: 5 ವೋಲ್ಟ್, ಗ್ರೌಂಡ್, ಮತ್ತು ಡೇಟಾಗೆ ಒಂದು ಜೋಡಿ. ಆ ಒಂದೇ ಜೋಡಿಯಲ್ಲಿ ಹೋಗುವುದೂ ಬರುವುದೂ ಸರದಿಯ ಮೇಲೆ. ಯುಎಸ್‌ಬಿ 3.0 ಬಂದಾಗ ಹಳೆಯ ಜೋಡಿಯನ್ನು ಹಾಗೇ ಉಳಿಸಿಕೊಂಡು, ಪಕ್ಕದಲ್ಲಿ ಹೊಸದಾಗಿ ಎರಡು ಜೋಡಿ ಸೇರಿಸಿದರು. ಒಂದು ಕಳಿಸಲು, ಒಂದು ಪಡೆಯಲು. ಎರಡಕ್ಕೂ ಬೇರೆ ಬೇರೆ ಕವಚ. ಎ ಮಾದರಿಯ (ಹಳೆಯ ಆಯತಾಕಾರದ) ನೀಲಿ ಪ್ಲಗ್ಗಿನೊಳಗೆ ಇಣುಕಿದರೆ ಮುಂದಿನ ಸಾಲಿನಲ್ಲಿ ನಾಲ್ಕು, ಹಿಂದೆ ಐದು ಹೊಸ ಪಿನ್ ಕಾಣುತ್ತವೆ.

ಯುಎಸ್‌ಬಿ-ಸಿ ಕನೆಕ್ಟರಿನಲ್ಲಿ 24 ಸಂಪರ್ಕಗಳಿವೆ. ಅದರೊಳಗೆ ವೇಗದ ಜೋಡಿಗಳೇ ನಾಲ್ಕು. 5 ಮತ್ತು ಸಾಮಾನ್ಯ 10 ಗಿಗಾಬಿಟ್ ಡಿಸ್ಕುಗಳಿಗೆ ಇವುಗಳಲ್ಲಿ ಎರಡು ಜೋಡಿ ಸಾಕು. 20 ಗಿಗಾಬಿಟ್ ಡಿಸ್ಕಿಗೂ, ಯುಎಸ್‌ಬಿ4 ಎಂಬ ಹೊಸ ಪೀಳಿಗೆಗೂ ನಾಲ್ಕೂ ಬೇಕು. ಆದರೆ ನಿಯಮದ ಪ್ರಕಾರ ಈ ವೇಗದ ಜೋಡಿಗಳನ್ನು ಹಾಕಲೇಬೇಕೆಂದೇನಿಲ್ಲ. ವಿದ್ಯುತ್ತು, ಗ್ರೌಂಡ್, ಹಳೆಯ 2.0 ಜೋಡಿ, ಮತ್ತು ಎರಡೂ ಕಡೆಯ ಉಪಕರಣಗಳು ಮಾತಾಡಿಕೊಳ್ಳುವ ಸಿಸಿ ಎಂಬ ಒಂದು ತಂತಿ, ಇಷ್ಟಿದ್ದರೆ ಅದು ಕಾನೂನುಬದ್ಧ ಸಿ ಕೇಬಲ್. ಚಾರ್ಜಿಂಗ್ ಕೇಬಲ್‌ಗಳೆಲ್ಲ ಹೀಗೇ. ಮೋಸ ಅಲ್ಲ, ತಯಾರಕರು ಬೇಕೆಂದೇ ಹಾಗೆ ಮಾಡುತ್ತಾರೆ: ತಂತಿ ಕಡಿಮೆಯಾದಷ್ಟೂ ಕೇಬಲ್ ತೆಳುವಾಗಿ, ಮೆದುವಾಗಿ, ಉದ್ದವಾಗಿ, ಅಗ್ಗವಾಗಿ ಬರುತ್ತದೆ.

ಆಪಲ್‌ನಂಥ ಕಂಪನಿಯೂ ಇದಕ್ಕೆ ಹೊರತಲ್ಲ. 2023ರ ಐಫೋನ್ 15 ಪ್ರೊ ಫೋನಿನ ಪೋರ್ಟ್ 10 ಗಿಗಾಬಿಟ್‌ನದು, ಡಬ್ಬಿಯಲ್ಲಿ ಬಂದ ಕೇಬಲ್ ಮಾತ್ರ ಯುಎಸ್‌ಬಿ 2.0. ಆ ಫೋನಿನಿಂದ ಪ್ರೊರೆಸ್ ಎಂಬ ಭಾರೀ ಗಾತ್ರದ ವಿಡಿಯೊವನ್ನು ನೇರ ಎಸ್‌ಎಸ್‌ಡಿಗೆ ರೆಕಾರ್ಡ್ ಮಾಡಲು ಹೊರಟವರು ಮೊದಲು ಮಾಡಬೇಕಾದ ಕೆಲಸ ಬೇರೆ ಕೇಬಲ್ ಕೊಳ್ಳುವುದು. ಆಪಲ್ ಇದಕ್ಕಾಗಿ ಸೆಕೆಂಡಿಗೆ ಕನಿಷ್ಠ 220 ಎಂಬಿ ಬರೆಯುವ ವೇಗ ಕೇಳುತ್ತದೆ, 2.0 ಕೇಬಲ್ ಅದರ ಐದನೇ ಒಂದು ಭಾಗವನ್ನೂ ಕೊಡಲಾರದು. ಮ್ಯಾಕ್‌ಬುಕ್ ಜೊತೆ ಬರುವ ಚಾರ್ಜಿಂಗ್ ಕೇಬಲ್ ಕೂಡ ಡೇಟಾ ವಿಷಯದಲ್ಲಿ 2.0 ಅಷ್ಟೇ.

ಇಲ್ಲೊಂದು ತಪ್ಪು ತಿಳಿವಳಿಕೆ ತುಂಬ ಹಬ್ಬಿದೆ. ಕೇಬಲ್ ಮೇಲೆ 100 ವ್ಯಾಟ್, 240 ವ್ಯಾಟ್ ಎಂದು ಬರೆದಿದ್ದರೆ ಡೇಟಾ ಕೂಡ ವೇಗವಾಗಿ ಹೋಗುತ್ತದೆ ಎಂದು ಜನ ಎಣಿಸುತ್ತಾರೆ. ವ್ಯಾಟ್ ಹೇಳುವುದು ವಿದ್ಯುತ್ತಿನ ತಂತಿಯ ತಾಕತ್ತನ್ನು ಮಾತ್ರ. 240 ವ್ಯಾಟಿನ ಕೇಬಲ್ ಡೇಟಾದಲ್ಲಿ ಬರೀ 480 ಮೆಗಾಬಿಟ್, ಎಂದರೆ ಯುಎಸ್‌ಬಿ 2.0 ವೇಗದ್ದು ಇರಬಹುದು, ಇಂಥವು ಮಾರುಕಟ್ಟೆ ತುಂಬ ಇವೆ. ಕೇಬಲ್ ಮೇಲಿನ ನೈಲಾನ್ ಹೆಣಿಗೆಗೂ, ಚಿನ್ನದ ಬಣ್ಣದ ಪಿನ್ನಿಗೂ ವೇಗಕ್ಕೂ ಸಂಬಂಧವಿಲ್ಲ.

ಎರಡೂ ತುದಿಗೆ ಸಿ ಇದ್ದು ವೇಗದ ಜೋಡಿಗಳಿರುವ ಕೇಬಲಿನಲ್ಲಿ ಇ-ಮಾರ್ಕರ್ ಎಂಬ ಸಣ್ಣ ಚಿಪ್ ಇರಲೇಬೇಕು. ತಾನು ಎಷ್ಟು ಆಂಪಿಯರ್ ತಡೆಯಬಲ್ಲೆ, ಎಷ್ಟು ಗಿಗಾಬಿಟ್ ಸಾಗಿಸಬಲ್ಲೆ ಎಂದು ಅದು ಕೇಳಿದವರಿಗೆ ಹೇಳುತ್ತದೆ. ಥಂಡರ್‌ಬೋಲ್ಟ್ ಮತ್ತು ಯುಎಸ್‌ಬಿ4 ಪೋರ್ಟುಗಳು ಈ ಚಿಪ್‌ನ ಮಾತು ಕೇಳಿಯೇ 20ಕ್ಕೆ ನಿಲ್ಲಬೇಕೋ 40ಕ್ಕೆ ಏರಬೇಕೋ ಎಂದು ನಿರ್ಧರಿಸುತ್ತವೆ. ಈ ಚಿಪ್ ಓದಿ ತೋರಿಸುವ ಪುಟ್ಟ ಟೆಸ್ಟರ್‌ಗಳು ಸಿಗುತ್ತವೆ. ಕಚೇರಿಯಲ್ಲಿ ಇಪ್ಪತ್ತು ಮೂವತ್ತು ಕೇಬಲ್ ನಿಭಾಯಿಸುವವರಿಗೆ ಒಂದು ಇದ್ದರೆ ಅನುಕೂಲ. ಆದರೆ ಚಿಪ್ ಹೇಳುವುದು ತಯಾರಕರು ಬರೆದಿಟ್ಟ ಮಾತನ್ನು. ತಂತಿ ನಿಜವಾಗಿ ಹಾಗಿದೆಯೇ ಎಂದು ಅದು ಪರೀಕ್ಷಿಸುವುದಿಲ್ಲ.

ಉದ್ದ ಏಕೆ ಶತ್ರು

5 ಗಿಗಾಬಿಟ್ ಸಂಕೇತದ ಮೂಲ ಆವರ್ತನ 2.5 ಗಿಗಾಹರ್ಟ್ಸ್, 10 ಗಿಗಾಬಿಟ್‌ನದು 5 ಗಿಗಾಹರ್ಟ್ಸ್. 40 ಗಿಗಾಬಿಟ್ ಯುಎಸ್‌ಬಿ4 ದಾರಿಯಲ್ಲಿ ಪ್ರತಿ ಜೋಡಿಯ ಮೇಲೂ 20 ಗಿಗಾಬಿಟ್ ಹರಿಯುವುದರಿಂದ ಅದು 10 ಗಿಗಾಹರ್ಟ್ಸ್ ಆಗುತ್ತದೆ. ಆವರ್ತನ ಏರಿದಷ್ಟೂ ತಾಮ್ರದ ತಂತಿಯಲ್ಲಿ ಸಂಕೇತ ಬೇಗ ಸೊರಗುತ್ತದೆ. ಕರೆಂಟು ತಂತಿಯ ಮೇಲ್ಮೈಗೆ ಒತ್ತರಿಸಿಕೊಂಡು ಹರಿಯುತ್ತದೆ, ಸುತ್ತಲಿನ ಪ್ಲಾಸ್ಟಿಕ್ ಅದರ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಸಾಮಾನ್ಯ ಕೇಬಲ್‌ಗಳಿಗೆ ಪ್ರಾಯೋಗಿಕ ಮಿತಿ ಹೀಗಿದೆ: 5 ಗಿಗಾಬಿಟ್‌ಗೆ ಸುಮಾರು 2 ಮೀಟರ್, 10ಕ್ಕೆ 1 ಮೀಟರ್, 40ಕ್ಕೆ 80 ಸೆಂಟಿಮೀಟರ್. ಎಸ್‌ಎಸ್‌ಡಿ ಜೊತೆ ಗೇಣುದ್ದದ ಕೇಬಲ್ ಕೊಡುವುದು ಜಿಪುಣತನದಿಂದಲ್ಲ.

ಮಿತಿ ಮೀರಿ ಉದ್ದ ಬೇಕಾದರೆ ತುದಿಗಳಲ್ಲಿ ಸಂಕೇತವನ್ನು ಮತ್ತೆ ತಿದ್ದಿ ಕಳಿಸುವ ಚಿಪ್ ಇರುವ ಆಕ್ಟಿವ್ ಕೇಬಲ್ ಬೇಕು. ಥಂಡರ್‌ಬೋಲ್ಟ್ 4ರಲ್ಲಿ 2 ಮೀಟರ್ ಉದ್ದದವು 40 ಗಿಗಾಬಿಟ್ ಪೂರ್ತಿ ಕೊಡುತ್ತವೆ. ಹಳೆಯ ಥಂಡರ್‌ಬೋಲ್ಟ್ 3 ಕಾಲದ ಹಲವು ಆಕ್ಟಿವ್ ಕೇಬಲ್‌ಗಳಲ್ಲಿ ಒಂದು ವಿಚಿತ್ರ ಇದೆ. ಥಂಡರ್‌ಬೋಲ್ಟ್ ಡಿಸ್ಕಿಗೆ ಹಾಕಿದರೆ ಪೂರ್ತಿ ವೇಗ, ಅದೇ ಕೇಬಲನ್ನು ಸಾಮಾನ್ಯ ಯುಎಸ್‌ಬಿ ಎಸ್‌ಎಸ್‌ಡಿಗೆ ಹಾಕಿದರೆ 2.0 ವೇಗ! ಒಳಗಿನ ಚಿಪ್ ಯುಎಸ್‌ಬಿ 3 ಸಂಕೇತವನ್ನು ದಾಟಿಸುವುದೇ ಇಲ್ಲ. ಸೆಕೆಂಡ್ ಹ್ಯಾಂಡ್ ಕೇಬಲ್ ಕೊಳ್ಳುವವರು ಇದನ್ನು ನೆನಪಿಡಬೇಕು.

ಸಿ ಕೇಬಲ್‌ಗೆ ಎಕ್ಸ್‌ಟೆನ್ಷನ್ ಹಾಕುವುದಕ್ಕೆ ಯುಎಸ್‌ಬಿ ನಿಯಮದಲ್ಲಿ ಅವಕಾಶವೇ ಇಲ್ಲ, ಆದರೂ ಅಂಗಡಿಯಲ್ಲಿ ಸಿಗುತ್ತವೆ. ಪ್ರತಿ ಜೋಡಣೆಯೂ ಸಂಕೇತವನ್ನು ಒಂದಿಷ್ಟು ತಿನ್ನುತ್ತದೆ. ಟವರ್ ಕಂಪ್ಯೂಟರಿನ ಮುಂಭಾಗದ ಪೋರ್ಟ್ ಕೂಡ ಒಂದು ಬಗೆಯ ಎಕ್ಸ್‌ಟೆನ್ಷನ್ನೇ: ಮದರ್‌ಬೋರ್ಡಿನಿಂದ ಅಲ್ಲಿಗೆ ಕ್ಯಾಬಿನೆಟ್ ಒಳಗೇ ಅರ್ಧ ಮೀಟರ್ ತಂತಿ ಇರುತ್ತದೆ. ಮುಂದೆ ಸಿಕ್ಕಿಸಿದರೆ ಡಿಸ್ಕ್ ಆಗಾಗ ಕಳಚಿಕೊಳ್ಳುತ್ತದೆ, ಹಿಂದೆ ಸಿಕ್ಕಿಸಿದರೆ ಸುಮ್ಮನಿರುತ್ತದೆ ಎಂಬ ದೂರಿನ ಹಿಂದಿರುವುದು ಇದೇ.

ಪಿನ್ನುಗಳ ಕಿತಾಪತಿ

ಎ ಪೋರ್ಟಿಗೆ ಪ್ಲಗ್ಗನ್ನು ನಿಧಾನವಾಗಿ ತೂರಿಸಿದರೆ ಮೊದಲು 2.0 ಪಿನ್ನುಗಳು ತಾಗುತ್ತವೆ, ಹಿಂದಿನ ಸಾಲಿನ ವೇಗದ ಪಿನ್ನುಗಳು ಆಮೇಲೆ. ಆ ಅರೆಕ್ಷಣದಲ್ಲಿ ಕಂಪ್ಯೂಟರ್ ಡಿಸ್ಕನ್ನು 2.0 ಎಂದು ಗುರುತಿಸಿ ಅಲ್ಲಿಗೇ ಬಿಟ್ಟುಬಿಡುವುದುಂಟು. ಪರಿಹಾರ ನಗು ಬರುವಷ್ಟು ಸರಳ: ಸುರಕ್ಷಿತವಾಗಿ ಇಜೆಕ್ಟ್ ಮಾಡಿ, ಕಿತ್ತು, ಒಂದೇ ಸಲಕ್ಕೆ ಪೂರ್ತಿ ಒಳಗೆ ಹೋಗುವಂತೆ ಚುರುಕಾಗಿ ಸಿಕ್ಕಿಸಿ.

ಹಾರ್ಡ್ ಡಿಸ್ಕುಗಳ ಮೇಲೆ ಇನ್ನೂ ಕಾಣುವ ಅಗಲವಾದ, ನಡುವೆ ಸೀಳಿದಂತಿರುವ ಸಾಕೆಟ್ಟಿನ ಹೆಸರು ಮೈಕ್ರೊ-ಬಿ ಸೂಪರ್‌ಸ್ಪೀಡ್. ಅದರ ದೊಡ್ಡ ಭಾಗಕ್ಕೆ ಹಳೆಯ ಆಂಡ್ರಾಯ್ಡ್ ಫೋನಿನ ಮೈಕ್ರೊ ಪಿನ್ ಸರಿಯಾಗಿ ಕೂರುತ್ತದೆ, ಡಿಸ್ಕೂ ಓಡುತ್ತದೆ. ಆದರೆ ಪಕ್ಕದ ಸಣ್ಣ ಭಾಗದ ಐದು ಪಿನ್ ಖಾಲಿ ಉಳಿಯುತ್ತವೆ, ಆದ್ದರಿಂದ 2.0 ವೇಗ. ತುರ್ತಿಗೆ ಫೈಲ್ ತೆಗೆಯಲು ಇದು ಒಳ್ಳೆಯ ಉಪಾಯ, ನಿತ್ಯದ ಬಳಕೆಗಲ್ಲ. ಈ ಸಾಕೆಟ್ ಸೂಕ್ಷ್ಮವೂ ಹೌದು. ಕೇಬಲ್ ಜೋತಾಡುವಂತೆ ಡಿಸ್ಕ್ ಇಟ್ಟರೆ ಒಳಗಿನ ಬೆಸುಗೆ ಬಿರುಕು ಬಿಟ್ಟು ಲೂಸ್ ಕಾಂಟ್ಯಾಕ್ಟ್ ಆಗುತ್ತದೆ. ಅಂಗಡಿಗೆ ‘ಡಿಸ್ಕ್ ಹೋಗಿದೆ’ ಎಂದು ಬರುವವುಗಳಲ್ಲಿ ಹೋಗಿರುವುದು ಈ ಸಾಕೆಟ್ ಮಾತ್ರ ಆಗಿರುವುದು ಅಪರೂಪವಲ್ಲ.

ಸಿ ಪಿನ್ನಿನ ಪರೀಕ್ಷೆಗೆ ಒಂದು ಸುಲಭ ಉಪಾಯವಿದೆ. ವೇಗ ಕಡಿಮೆ ಬಂದರೆ ಪ್ಲಗ್ಗನ್ನು ಕಿತ್ತು, ಬೋರಲು ತಿರುಗಿಸಿ ಮತ್ತೆ ಸಿಕ್ಕಿಸಿ. ಒಂದು ಮಗ್ಗುಲಲ್ಲಿ 1000 ಎಂಬಿ, ಇನ್ನೊಂದು ಮಗ್ಗುಲಲ್ಲಿ 40 ಎಂಬಿ ಬಂದರೆ ವೇಗದ ಜೋಡಿಯ ಒಂದು ಸಾಲಿನಲ್ಲಿ ಕೊಳೆ ಕೂತಿದೆ ಅಥವಾ ಪಿನ್ ಸವೆದಿದೆ ಎಂದು ಅರ್ಥ. ಜೇಬಿನಲ್ಲಿ ಓಡಾಡುವ ಫೋನಿನ ಪೋರ್ಟುಗಳಲ್ಲಿ ಬಟ್ಟೆಯ ನಾರು ಗಟ್ಟಿಯಾಗಿ ಕೂತಿರುತ್ತದೆ. ಉಪಕರಣ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಬಹುದು. ಸೂಜಿ, ಸೇಫ್ಟಿ ಪಿನ್ ಬೇಡ.

ಇದೇ ಲಕ್ಷಣಕ್ಕೆ ಇನ್ನೊಂದು ಕಾರಣ ಕಡಿಮೆ ಬೆಲೆಯ ಅಡಾಪ್ಟರ್. ಲ್ಯಾಪ್‌ಟಾಪಿನ ಎ ಪೋರ್ಟಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಗೆ ಸಿ ಕೇಬಲ್ ಹಾಕುವಂಥ ಪುಟ್ಟ ಅಡಾಪ್ಟರ್‌ಗಳು ನಿಯಮಬಾಹಿರ. ಅವುಗಳಲ್ಲಿ ಹೆಚ್ಚಿನವು ವೇಗದ ತಂತಿಗಳನ್ನು ಒಂದು ಮಗ್ಗುಲಿಗೆ ಮಾತ್ರ ಜೋಡಿಸಿರುತ್ತವೆ. ತಿರುಗಿಸಿ ಹಾಕಿದರೆ ವೇಗ ಮಾಯ. ಅದರ ಬದಲು ಒಂದು ತುದಿಗೆ ಎ, ಇನ್ನೊಂದಕ್ಕೆ ಸಿ ಇರುವ ನೇರ ಕೇಬಲ್ ಕೊಂಡರೆ ಈ ತಲೆನೋವಿಲ್ಲ.

40 ಗಿಗಾಬಿಟ್‌ನ ಲೋಕ

ಥಂಡರ್‌ಬೋಲ್ಟ್ 2011ರಲ್ಲಿ ಮಿನಿ ಡಿಸ್‌ಪ್ಲೇಪೋರ್ಟ್ ಆಕಾರದಲ್ಲಿ ಬಂತು. 2015ರ ಮೂರನೇ ಆವೃತ್ತಿ ಸಿ ಆಕಾರಕ್ಕೆ ಬದಲಾಗಿ 40 ಗಿಗಾಬಿಟ್ ತಲುಪಿತು. ಅದರ ತಿರುಳನ್ನೇ ತೆಗೆದುಕೊಂಡು 2019ರಲ್ಲಿ ಯುಎಸ್‌ಬಿ4 ರೂಪುಗೊಂಡಿತು. ಯುಎಸ್‌ಬಿ ಡಿಸ್ಕ್ ಬ್ರಿಜ್ ಚಿಪ್ ಮೂಲಕ ಮಾತಾಡಿದರೆ, ಥಂಡರ್‌ಬೋಲ್ಟ್ ಡಿಸ್ಕು ಕಂಪ್ಯೂಟರಿನ ಒಳಗಿನ ವೇಗದ ದಾರಿಯಾದ ಪಿಸಿಐ ಎಕ್ಸ್‌ಪ್ರೆಸ್ ಬಸ್ಸನ್ನೇ ಕೇಬಲಿನಲ್ಲಿ ಹೊರಗೆ ಎಳೆದು ತರುತ್ತದೆ. ಆದ್ದರಿಂದ ವೇಗ ಹೆಚ್ಚು, ವಿಳಂಬ ಕಡಿಮೆ. ಥಂಡರ್‌ಬೋಲ್ಟ್ 3 ಡಿಸ್ಕುಗಳಲ್ಲಿ ಸುಮಾರು 2800 ಎಂಬಿ, ಹೊಸ ಯುಎಸ್‌ಬಿ4 ಕೇಸಿಂಗ್‌ಗಳಲ್ಲಿ (ಎಸ್‌ಎಸ್‌ಡಿ ಕೂರಿಸುವ ಹೊರ ಪೆಟ್ಟಿಗೆ) 3000ದಿಂದ 3800 ಎಂಬಿವರೆಗೂ ಸಿಗುತ್ತದೆ. 2023ರಲ್ಲಿ ಪ್ರಕಟವಾದ ಥಂಡರ್‌ಬೋಲ್ಟ್ 5 ಇದನ್ನು 80 ಗಿಗಾಬಿಟ್‌ಗೆ ಏರಿಸಿತು.

ಹಾಗೆಂದು ಎಲ್ಲ ಎಲ್ಲದಕ್ಕೂ ಹೊಂದುವುದಿಲ್ಲ. ಸ್ಯಾಮ್‌ಸಂಗ್ ಎಕ್ಸ್5ನಂಥ ಥಂಡರ್‌ಬೋಲ್ಟ್ 3 ಮಾತ್ರದ ಡಿಸ್ಕುಗಳನ್ನು ಸಾಮಾನ್ಯ ಸಿ ಪೋರ್ಟಿಗೆ ಹಾಕಿದರೆ ನಿಧಾನವಾಗುವುದಲ್ಲ, ಕಾಣಿಸುವುದೇ ಇಲ್ಲ. 20 ಗಿಗಾಬಿಟ್ ಡಿಸ್ಕುಗಳ ಕತೆ ಇನ್ನೂ ಸಿಕ್ಕು. ಜೆನ್ 2x2 ಎಂದು ಕರೆಯುವ ಈ ವೇಗವನ್ನು ಯುಎಸ್‌ಬಿ4 ಪೋರ್ಟು ಬೆಂಬಲಿಸಲೇಬೇಕೆಂಬ ನಿಯಮವಿಲ್ಲ. ಎಂ1, ಎಂ2, ಎಂ3 ಚಿಪ್‌ನ ಮ್ಯಾಕ್‌ಗಳ 40 ಗಿಗಾಬಿಟ್ ಪೋರ್ಟಿಗೆ 20 ಗಿಗಾಬಿಟ್ ಎಸ್‌ಎಸ್‌ಡಿ ಹಾಕಿದರೆ ಅದು 10ಕ್ಕೆ ಇಳಿದು 1000 ಎಂಬಿ ಕೊಡುತ್ತದೆ. ಕೇಬಲ್ ಬದಲಿಸಿ ಪ್ರಯೋಜನವಿಲ್ಲ. ಮ್ಯಾಕ್ ಇರುವವರು 10 ಗಿಗಾಬಿಟ್ ಡಿಸ್ಕ್ ಕೊಂಡು ಹಣ ಉಳಿಸಲಿ, ಇಲ್ಲವೇ ನೇರ ಯುಎಸ್‌ಬಿ4ಗೆ ಹೋಗಲಿ. ನಡುವಿನದು ಅವರಿಗೆ ನಷ್ಟವೇ.

ಕರೆಂಟು ಸಾಲದಿದ್ದಾಗ

ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪಿಯರ್ ಕೊಡುವ ಭರವಸೆ ನೀಡುತ್ತದೆ, 3.0 ಪೋರ್ಟ್ 900. ಎಂದರೆ 4.5 ವ್ಯಾಟ್. 2.5 ಇಂಚಿನ ಹಾರ್ಡ್ ಡಿಸ್ಕಿನ ಮೋಟಾರು ತಿರುಗಲು ಶುರುವಾಗುವಾಗ ಒಂದು ಆಂಪಿಯರ್ ಹತ್ತಿರ ಎಳೆಯುತ್ತದೆ. ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಒಂದೇ ಸಮನೆ ಬರೆಯುವಾಗ ಬ್ರಿಜ್ ಚಿಪ್ ಸೇರಿ 6ರಿಂದ 8 ವ್ಯಾಟ್ ಮುಟ್ಟಬಹುದು. ಹಳೆಯ ಎ ಪೋರ್ಟಿನಲ್ಲಿ ಓದುವಾಗ ಸರಿಯಿದ್ದು, ದೊಡ್ಡ ಫೈಲ್ ಬರೆಯುವ ನಡುವೆ ಡಿಸ್ಕ್ ಕಳಚಿಕೊಂಡರೆ ಅನುಮಾನ ಇಲ್ಲಿಗೇ ಬರಬೇಕು.

ಇದರಲ್ಲಿ ಕೇಬಲಿನ ಪಾಲೂ ಇದೆ. ವಿದ್ಯುತ್ತಿನ ತಂತಿಯ ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು. 28 ಗೇಜ್ ತಂತಿಯ ತಡೆ ಮೀಟರಿಗೆ 0.21 ಓಮ್. ಒಂದು ಮೀಟರ್ ಕೇಬಲಿನಲ್ಲಿ ಹೋಗಿ ಬರುವ ದಾರಿ ಎರಡು ಮೀಟರ್, ಅಂದರೆ 0.42 ಓಮ್. ಅದರಲ್ಲಿ 0.9 ಆಂಪಿಯರ್ ಹರಿದರೆ 0.38 ವೋಲ್ಟ್ ದಾರಿಯಲ್ಲೇ ಕರಗುತ್ತದೆ; 5 ವೋಲ್ಟ್ ಹೊರಟದ್ದು ಡಿಸ್ಕಿಗೆ ತಲುಪುವಾಗ 4.6. ಅದೇ 24 ಗೇಜ್ ತಂತಿಯಲ್ಲಾದರೆ ನಷ್ಟ 0.15 ವೋಲ್ಟ್ ಮಾತ್ರ. ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡುತ್ತ ಮತ್ತೆ ಮತ್ತೆ ತಿರುಗಲು ಹೆಣಗುತ್ತಿದ್ದರೆ, ಡಿಸ್ಕ್ ಸತ್ತಿತೆಂದು ಡೇಟಾ ರಿಕವರಿಯವರ ಬಳಿ ಓಡುವ ಮುನ್ನ ಗಿಡ್ಡ, ದಪ್ಪ ಕೇಬಲ್ ಹಾಕಿ ಇನ್ನೊಂದು ಕಂಪ್ಯೂಟರಿನಲ್ಲಿ ಒಮ್ಮೆ ನೋಡಿ. ಅಲ್ಲೂ ಅದೇ ಸದ್ದು ಬಂದರೆ ಮಾತ್ರ ಮತ್ತೆ ಮತ್ತೆ ಸಿಕ್ಕಿಸುತ್ತ ಕೂರಬೇಡಿ, ತಟ್ಟೆಗೆ ಪೆಟ್ಟಾಗುತ್ತದೆ. 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕಾದ್ದರಿಂದ ಅದಕ್ಕೆ ಬೇರೆ ಅಡಾಪ್ಟರ್ ಇರಲೇಬೇಕು. ಹಬ್ ಬಳಸುವುದಾದರೆ ಗೋಡೆಯ ಪ್ಲಗ್ಗಿನಿಂದ ಕರೆಂಟು ಪಡೆಯುವಂಥದನ್ನು ಕೊಳ್ಳಿ. ಮತ್ತು ಹಬ್ಬಿಗೆ ಎಷ್ಟು ಡಿಸ್ಕ್ ಸಿಕ್ಕಿಸಿದರೂ ಅವೆಲ್ಲ ಕಂಪ್ಯೂಟರಿಗೆ ಹೋಗುವ ಒಂದೇ ಕೇಬಲಿನ ವೇಗವನ್ನು ಹಂಚಿಕೊಳ್ಳುತ್ತವೆ.

ಕೇಬಲ್ ತಪ್ಪಲ್ಲದ ಸಂದರ್ಭಗಳು

ಕಾಪಿ ಶುರುವಾದಾಗ 900 ಎಂಬಿ ಇದ್ದು, 40–50 ಜಿಬಿ ಆದ ಮೇಲೆ ಧಡಕ್ಕನೆ 100–150ಕ್ಕೆ ಬಿದ್ದರೆ ಅದು ಕೇಬಲಿನ ದೋಷವಲ್ಲ. ಕೇಬಲ್ ಸರಿಯಿಲ್ಲದಿದ್ದರೆ ಮೊದಲ ಸೆಕೆಂಡಿನಿಂದಲೇ ಸರಿ ಇರುವುದಿಲ್ಲ. ಎಸ್‌ಎಸ್‌ಡಿಗಳು ಮೊದಲು ಒಂದು ವೇಗದ ಕ್ಯಾಶ್ ಭಾಗಕ್ಕೆ ಬರೆದುಕೊಂಡು ಆಮೇಲೆ ನಿಧಾನದ ಭಾಗಕ್ಕೆ ಸಾಗಿಸುತ್ತವೆ. ಕ್ಯಾಶ್ ತುಂಬಿದಾಗ ಬಣ್ಣ ಬಯಲಾಗುತ್ತದೆ. ಒಂದೊಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುವ ಕಡಿಮೆ ಬೆಲೆಯ ಕ್ಯುಎಲ್‌ಸಿ ಡಿಸ್ಕುಗಳಲ್ಲಿ ಇದು ಹೆಚ್ಚು.

ಇನ್ನೊಂದು, ಶಾಖ. ಕೇಸಿಂಗ್ ಕೊಂಡು ನಾವೇ ಎನ್‌ವಿಎಂಇ ಜೋಡಿಸುವಾಗ ಅದರೊಂದಿಗೆ ಬಂದ ಥರ್ಮಲ್ ಪ್ಯಾಡಿನ ಎರಡೂ ಬದಿಯ ಪ್ಲಾಸ್ಟಿಕ್ ಹಾಳೆ ಸುಲಿಯಬೇಕು. ಒಂದು ಬದಿ ಸುಲಿದು ಇನ್ನೊಂದನ್ನು ಮರೆಯುವುದು ಅತಿ ಸಾಮಾನ್ಯ. ಆಗ ಶಾಖ ಲೋಹದ ಕವಚಕ್ಕೆ ದಾಟದೆ, ಚಿಪ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಜೊತೆಗೆ ಬ್ರಿಜ್ ಚಿಪ್ ಯುಎಎಸ್‌ಪಿ ಎಂಬ ಪದ್ಧತಿಯಲ್ಲಿ ಓಡುತ್ತಿದೆಯೇ ನೋಡಬೇಕು. ಹಳೆಯ ಪದ್ಧತಿಯಲ್ಲಿ ಒಂದು ಆದೇಶ ಮುಗಿದ ಮೇಲಷ್ಟೇ ಮುಂದಿನದು. ಯುಎಎಸ್‌ಪಿಯಲ್ಲಿ ಹಲವು ಆದೇಶಗಳು ಸಾಲಾಗಿ ಕಾಯುತ್ತವೆ. ಸಣ್ಣ ಸಣ್ಣ ಫೈಲ್ ಸಾವಿರಾರು ಇದ್ದಾಗ ವ್ಯತ್ಯಾಸ ಢಾಳಾಗಿ ಕಾಣುತ್ತದೆ.

ಪತ್ತೆ ಹಚ್ಚುವ ಕ್ರಮ

ಮೊದಲು ಕಂಪ್ಯೂಟರನ್ನೇ ಕೇಳಿ. ಮ್ಯಾಕ್‌ನಲ್ಲಿ ಆಪ್ಷನ್ ಕೀ ಒತ್ತಿಕೊಂಡು ಆಪಲ್ ಮೆನು ತೆರೆದರೆ ಸಿಸ್ಟಂ ಇನ್ಫರ್ಮೇಷನ್ ಸಿಗುತ್ತದೆ. ಅಲ್ಲಿ ಯುಎಸ್‌ಬಿ ವಿಭಾಗದಲ್ಲಿ ಡಿಸ್ಕಿನ ಹೆಸರಿನ ಮುಂದೆ 480 ಮೆಗಾಬಿಟ್, 5 ಅಥವಾ 10 ಗಿಗಾಬಿಟ್ ಎಂದು ಬರೆದಿರುತ್ತದೆ. ಲಿನಕ್ಸ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ ಆಜ್ಞೆಗೆ ಟಿ ಆಯ್ಕೆ ಸೇರಿಸಿ (lsusb -t) ಕೊಟ್ಟರೆ ಸಾಲಿನ ಕೊನೆಯಲ್ಲಿ 480, 5000 ಅಥವಾ 10000 ಕಾಣುತ್ತದೆ. ಡ್ರೈವರ್ ಎಂಬಲ್ಲಿ ಯುಎಎಸ್ ಎಂದಿದ್ದರೆ ಒಳ್ಳೆಯದು, ಯುಎಸ್‌ಬಿ-ಸ್ಟೋರೇಜ್ ಎಂದಿದ್ದರೆ ಹಳೆಯ ಪದ್ಧತಿ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು ಸ್ಟೋರೇಜ್ ಕಂಟ್ರೋಲರ್‌ಗಳ ಕೆಳಗೆ ಯುಎಎಸ್ ಹೆಸರಿನ ಉಪಕರಣ ಇದೆಯೇ ನೋಡಿ.

480 ಬಂದಿದ್ದರೆ ಕೇಬಲ್ ಬದಲಿಸಿ, ಪಿನ್ ತಿರುಗಿಸಿ, ಪೋರ್ಟ್ ಬದಲಿಸಿ, ಒಂದು ಸಲಕ್ಕೆ ಒಂದನ್ನೇ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಕೊಂಡಿಯ ವೇಗ ಸರಿಯಿದ್ದರೂ ಕಾಪಿ ನಿಧಾನವಾಗಿದ್ದರೆ 10–20 ಜಿಬಿಯ ಒಂದೇ ದೊಡ್ಡ ಫೈಲನ್ನು ಕಂಪ್ಯೂಟರಿನ ಒಳಗಿನ ಎಸ್‌ಎಸ್‌ಡಿಯಿಂದ ಕಳಿಸಿ ಸಮಯ ನೋಡಿ. ಫೋಟೊಗಳ ಫೋಲ್ಡರಿನಿಂದ ವೇಗ ಅಳೆಯಬೇಡಿ, ಅಲ್ಲಿ ಸಮಯ ತಿನ್ನುವುದು ಫೈಲುಗಳ ಸಂಖ್ಯೆ.

ಕೆಟ್ಟ ಕೇಬಲ್ ಡೇಟಾವನ್ನು ಸದ್ದಿಲ್ಲದೆ ಕೆಡಿಸುತ್ತದೆಯೇ? ಸಾಮಾನ್ಯವಾಗಿ ಇಲ್ಲ. ಪ್ರತಿ ಪ್ಯಾಕೆಟ್ಟಿಗೂ ತಾಳೆ ನೋಡುವ ಸಂಖ್ಯೆ ಇರುತ್ತದೆ. ತಾಳೆಯಾಗದಿದ್ದರೆ ಮತ್ತೆ ಕಳಿಸುತ್ತದೆ. ಅದು ಅತಿಯಾದಾಗ ಕೊಂಡಿಯನ್ನೇ ರಿಸೆಟ್ ಮಾಡುತ್ತದೆ. ಅಪಾಯ ಇರುವುದು ಬರೆಯುವ ನಡುವೆ ಡಿಸ್ಕ್ ಕಳಚಿಕೊಂಡಾಗ, ಆಗ ಫೈಲ್ ಸಿಸ್ಟಂ ಅರ್ಧಕ್ಕೆ ನಿಲ್ಲುತ್ತದೆ. ವಿಂಡೋಸ್ ಈವೆಂಟ್ ವ್ಯೂವರ್‌ನಲ್ಲಿ 129 ಮತ್ತು 153 ಸಂಖ್ಯೆಯ ಎಚ್ಚರಿಕೆಗಳು ಸಾಲಾಗಿ ಬಿದ್ದಿದ್ದರೆ ರಿಸೆಟ್‌ಗಳೂ ಮರುಪ್ರಯತ್ನಗಳೂ ಆಗುತ್ತಿವೆ ಎಂದು ತಿಳಿಯಿರಿ. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡುವ ಸ್ಮಾರ್ಟ್ ವರದಿಯಲ್ಲಿ 199ನೆಯ ಸಾಲು ಸೊನ್ನೆ ಇದೆ, ಹಾಗಾದರೆ ಕೇಬಲ್ ಚೆನ್ನಾಗಿದೆ ಎಂದು ಕೆಲವರು ವಾದಿಸುತ್ತಾರೆ. ಆ ಸಾಲು ಎಣಿಸುವುದು ಕೇಸಿಂಗ್ ಒಳಗೆ ಡಿಸ್ಕಿಗೂ ಬ್ರಿಜ್ ಚಿಪ್ಪಿಗೂ ನಡುವಿನ ಸಾಟಾ ದೋಷಗಳನ್ನು. ಹೊರಗಿನ ಯುಎಸ್‌ಬಿ ಕೇಬಲಿನ ಸುದ್ದಿ ಅದಕ್ಕೆ ಗೊತ್ತೇ ಇರುವುದಿಲ್ಲ.

ಡಿಸ್ಕ್ ಸಿಕ್ಕಿಸಿದ ಕೂಡಲೇ ವೈರ್‌ಲೆಸ್ ಮೌಸ್ ತಡವರಿಸುವುದು, ವೈಫೈ ಕುಂಟುವುದು ಭ್ರಮೆಯಲ್ಲ. 5 ಗಿಗಾಬಿಟ್ ಸಂಕೇತದ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯನ್ನೂ ಆವರಿಸುತ್ತದೆ ಎಂದು ಇಂಟೆಲ್ 2012ರಲ್ಲೇ ಅಳೆದು ತೋರಿಸಿತ್ತು. ಮೌಸಿನ ಡಾಂಗಲನ್ನು ಲ್ಯಾಪ್‌ಟಾಪಿನ ಇನ್ನೊಂದು ಬದಿಗೆ ಹಾಕಿ, ಅಥವಾ 2.0 ಎಕ್ಸ್‌ಟೆನ್ಷನ್ ಕೊಟ್ಟು ಒಂದಡಿ ದೂರ ಇಡಿ. ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ. ಕವಚ ಸರಿಯಾಗಿಲ್ಲದ ಅಗ್ಗದ ಕೇಬಲ್‌ಗಳಲ್ಲಿ ಈ ಕಾಟ ಜಾಸ್ತಿ.

ಕೊಳ್ಳುವಾಗ

ಬೆಂಗಳೂರಿನ ಎಸ್‌.ಪಿ. ರಸ್ತೆಯಾಗಲಿ ನಿಮ್ಮೂರಿನ ಮೊಬೈಲ್ ಅಂಗಡಿಯಾಗಲಿ, ‘ಟೈಪ್ ಸಿ ಕೇಬಲ್ ಕೊಡಿ’ ಎಂದರೆ ಚಾರ್ಜಿಂಗ್ ಕೇಬಲನ್ನೇ ಕೊಡುತ್ತಾರೆ, ಅವರ ತಪ್ಪಲ್ಲ. ‘ಎಸ್‌ಎಸ್‌ಡಿಗೆ, 10 ಗಿಗಾಬಿಟ್‌ನದು, ಅರ್ಧ ಮೀಟರ್’ ಎಂದು ಕೇಳಿ. ಪ್ಯಾಕೆಟ್ ಮೇಲೆ ಆ ಅಂಕಿ ಅಚ್ಚಾಗಿರಬೇಕು. ‘ಸೂಪರ್ ಫಾಸ್ಟ್ ಡೇಟಾ’ ಎಂಬ ಮಾತಿಗೆ ಬೆಲೆಯಿಲ್ಲ. ಆನ್‌ಲೈನಿನಲ್ಲಿ ಕೊಳ್ಳುವಾಗ ವಿವರದ ಕೊನೆಯಲ್ಲಿ 480 ಎಂಬ ಸಂಖ್ಯೆ ಅಡಗಿದೆಯೇ ಹುಡುಕಿ. ಥಂಡರ್‌ಬೋಲ್ಟ್ ಕೇಬಲಿನ ತುದಿಯಲ್ಲಿ ಮಿಂಚಿನ ಗುರುತೂ ಅದರ ಬಳಿ 3, 4 ಅಥವಾ 5 ಅಂಕಿಯೂ ಇರುತ್ತದೆ. ಹಲವು ಬಗೆಯ ಡಿಸ್ಕ್ ಇರುವವರಿಗೆ 80 ಸೆಂಟಿಮೀಟರ್‌ನ ಒಂದು ಒಳ್ಳೆಯ ಥಂಡರ್‌ಬೋಲ್ಟ್ 4 ಕೇಬಲ್ ಲಾಭದ ವ್ಯಾಪಾರ: 40 ಗಿಗಾಬಿಟ್‌ನಿಂದ ಹಿಡಿದು ಹಳೆಯ 2.0ವರೆಗೆ ಎಲ್ಲವೂ ಅದರಲ್ಲಿ ಹೋಗುತ್ತದೆ, ಚಾರ್ಜಿಂಗ್ ಕೂಡ ಆಗುತ್ತದೆ. ತಂದ ದಿನವೇ ಡಿಸ್ಕಿಗೆ ಹಾಕಿ ವೇಗ ನೋಡಿ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು. ಸರಿಯಿದ್ದರೆ ಕುತ್ತಿಗೆಗೆ ಒಂದು ತುಂಡು ಟೇಪ್ ಸುತ್ತಿ ‘10’ ಅಥವಾ ‘40’ ಎಂದು ಮಾರ್ಕರಿನಲ್ಲಿ ಬರೆದಿಡಿ. ಡ್ರಾಯರಿನಲ್ಲಿರುವ ಉಳಿದ ಸಿ ಕೇಬಲ್‌ಗಳ ಮೇಲೆ ‘ಚಾರ್ಜಿಂಗ್’ ಎಂದು ಬರೆದರೆ ಸಾಕು.